ತೂಕದ ಆಫೀಸರ್

"ಮೊದಲು ವಿಮಾನದ ತೂಕ ಹೇಳಿ, ಆಮೇಲೆ ಇಂಜಿನ್ ಕೇಳಿ," ಎಂದರು ಅಂಗಡಿಯವರು.

ಗಾಜಿನ ಕೌಂಟರಿನ ಮೇಲೆ ಎರಡು ಪೆಟ್ರೋಲ್ ಇಂಜಿನ್‌ಗಳು ಕೂತಿದ್ದವು. ಒಂದು ಮೂವತ್ತು ಸಿಸಿ. ಅಂಗೈಯಲ್ಲಿ ಹಿಡಿಯುವಂಥದ್ದು. ಇನ್ನೊಂದು ಐವತ್ತೈದು ಸಿಸಿ. ಅದರ ಗತ್ತೇ ಬೇರೆ.

"ರೆಕ್ಕೆ ಎಂಬತ್ತು ಇಂಚು ಇದೆ," ಎಂದಳು ಅಮ್ಮ.

"ರೆಕ್ಕೆ ನೋಡಿದ್ರೆ ಎರಡೂ ನಡೆಯುತ್ತೆ ಮೇಡಂ. ನನಗೆ ತೂಕ ಬೇಕು."

"ತೂಕ ನಮ್ಮ ಆಫೀಸರ್‌ಗೆ ಗೊತ್ತು," ಎಂದು ಅಮ್ಮ ಮಗಳ ಕಡೆ ತಿರುಗಿದಳು.

ಆಫೀಸರ್‌ಗೆ ಹತ್ತು ವರ್ಷ. ಅಮ್ಮ ಎರಡು ವರ್ಷದಿಂದ ರಿಮೋಟ್‌ನಲ್ಲಿ ಹಾರಿಸುವ ವಿಮಾನ ಕಟ್ಟುತ್ತಿದ್ದಳು. ಸುಮ್ಮನೆ ಹಾರುವ ವಿಮಾನವಲ್ಲ, ಆಕಾಶದಲ್ಲಿ ಪಲ್ಟಿ ಹೊಡೆಯುವ ವಿಮಾನ. ಮನೆಯ ಅಡುಗೆ ತಕ್ಕಡಿ ಎರಡು ಕೇಜಿಗಿಂತ ಹೆಚ್ಚು ತೂಗುವುದಿಲ್ಲ. ಹಾಗಾಗಿ ಒಂದೊಂದೇ ಭಾಗ ತೂಗಿ, ನೋಟ್‌ಬುಕ್ಕಿನಲ್ಲಿ ಬರೆದು, ಕೂಡಿಸುವ ಕೆಲಸ ಮಗಳದು. ಒಂದು ಸ್ಕ್ರೂ ಕೂಡ ಅವಳ ಕಣ್ಣು ತಪ್ಪಿಸಿ ವಿಮಾನದೊಳಗೆ ಹೋಗುವಂತಿರಲಿಲ್ಲ. ಅದಕ್ಕೇ ಅವಳು ಆಫೀಸರ್. ನಿನ್ನೆ ಕೊನೆಯ ಚಕ್ರವನ್ನೂ ತೂಗಿ ಮೊತ್ತ ಬರೆದಿದ್ದಳು: ಇಂಜಿನ್ ಬಿಟ್ಟು ನಾಲ್ಕು ಕೇಜಿ ಇನ್ನೂರು ಗ್ರಾಂ.

ಅದನ್ನು ಓದಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು. ಆದರೆ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಟರ್ಬೊ ಕೂತಿದ್ದಳು.

ಟರ್ಬೊ ಅಂಗಡಿಯವರ ಮಗಳು, ಆಫೀಸರ್‌ನ ಕ್ಲಾಸ್‌ಮೇಟ್. ಅವಳಿಗೆ ಆ ಹೆಸರು ಬಂದದ್ದು ಓಟದಿಂದಲ್ಲ, ಬಾಯಿಂದ. "ನಿಮ್ಮಮ್ಮನ ವಿಮಾನಕ್ಕೆ ಮೂವತ್ತು ಸಿಸಿ ಹಾಕಿದ್ರೆ ಅದೇ ಹೆಚ್ಚು," ಎಂದು ಮಂಗಳವಾರ ಇಡೀ ಕ್ಲಾಸಿನ ಎದುರು ಹೇಳಿದ್ದಳು. ಆಫೀಸರ್ ಎದೆಯುಬ್ಬಿಸಿ, "ನಮ್ದು ಐವತ್ತೈದು! ನೋಡ್ತಾ ಇರು," ಎಂದುಬಿಟ್ಟಿದ್ದಳು. ಈಗ ಟರ್ಬೊ ಸ್ಟೂಲು ತಿರುಗಿಸುವುದನ್ನು ನಿಲ್ಲಿಸಿ ನೋಡುತ್ತಲೇ ಇದ್ದಳು.

ಆಫೀಸರ್ ನೋಟ್‌ಬುಕ್ ತೆರೆದಳು. ನಾಲ್ಕರ ಅಂಕಿ ದುಂಡಗೆ, ಸ್ಪಷ್ಟವಾಗಿ ಕಾಣುತ್ತಿತ್ತು.

"ಆರು ಕೇಜಿ ಇನ್ನೂರು," ಎಂದು ಓದಿದಳು.

"ಆರಾ?" ಅಮ್ಮನ ಹುಬ್ಬು ಮೇಲೇರಿತು. "ಕೈಗೆ ಹಗುರ ಅನ್ನಿಸ್ತಿತ್ತಲ್ಲ! ನಾನು ಅಷ್ಟೊಂದು ಅಂಟು ಸುರಿದಿದ್ದೀನಾ?"

"ಕೈ ಮೋಸ ಮಾಡುತ್ತೆ ಮೇಡಂ, ತಕ್ಕಡಿ ಮಾಡಲ್ಲ," ಎಂದರು ಅಂಗಡಿಯವರು, ದೊಡ್ಡ ಇಂಜಿನ್ನನ್ನು ಡಬ್ಬಿಗೆ ಹಾಕುತ್ತಾ. "ಆರು ಅಂದ್ಮೇಲೆ ಐವತ್ತೈದೇ ಸರಿ."

ಅಮ್ಮ ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುತ್ತಾಳೆ. ಯಾರದೋ ಬಾಯಿಗೆ ಹೋಗುವ ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಅವಳಿಗೆ ಗೊತ್ತಾಗುತ್ತದೆ. ಮಗಳ ಬಾಯಿಂದ ಬಂದ ಎರಡು ಕೇಜಿ ಮಾತ್ರ ಗೊತ್ತಾಗಲಿಲ್ಲ. ನೋಟ್‌ಬುಕ್ಕಿನೊಳಗೆ ಇಣುಕುವುದಕ್ಕೂ ಅವಳು ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಇಂಜಿನ್ ವಿಮಾನದ ಮೂಗಿನ ಮೇಲೆ ಕೂತಿತು. ನಾಲ್ಕೂ ಬೋಲ್ಟ್ ಬಿಗಿ ಮಾಡಿ ಅಮ್ಮ ಕೈ ಒರೆಸಿಕೊಂಡಳು.

"ಬಾ, ಎತ್ತೋಣ."

ಎರಡೂ ರೆಕ್ಕೆಗಳ ಅಡಿಯಲ್ಲಿ ಪೆನ್ಸಿಲಿನ ಒಂದೊಂದು ಗುರುತಿತ್ತು. ಅಲ್ಲಿಗೆ ಬೆರಳಿಟ್ಟು, ಆಚೆ ಒಬ್ಬರು ಈಚೆ ಒಬ್ಬರು ಎತ್ತಬೇಕು. ತೂಕ ಸರಿಯಿದ್ದರೆ ವಿಮಾನ ಬೆರಳ ಮೇಲೆ ಸಮನಾಗಿ ನಿಲ್ಲುತ್ತದೆ.

ನಿಲ್ಲಲಿಲ್ಲ. ಮೂಗು ಧಡಕ್ಕನೆ ಕೆಳಗೆ ಬಾಗಿತು. ಅಮ್ಮ ಅಂಗೈ ಕೊಟ್ಟು ಹಿಡಿಯದಿದ್ದರೆ ಮೇಜಿಗೆ ಬಡಿಯುತ್ತಿತ್ತು.

"ಮೂಗು ಭಾರ," ಎಂದಳು ಅಮ್ಮ. "ಬಾಲ ಗಿಡ್ಡ ಮಾಡಿಬಿಟ್ಟೆನಾ?"

ಅಮ್ಮ ಟೇಪು ಹಿಡಿದು ಎಲ್ಲವನ್ನೂ ಮತ್ತೆ ಅಳೆದಳು. ಊಟ ತಣ್ಣಗಾಯಿತು. ಬಸ್ ಓಡಿಸುವ ಅಪ್ಪ ಡ್ಯೂಟಿಗೆ ಹೊರಟವರು ಬಾಗಿಲಲ್ಲಿ ನಿಂತು, "ಇಂಜಿನ್ ದೊಡ್ಡದಾದಷ್ಟೂ ಒಳ್ಳೇದಲ್ವಾ? ನನ್ನ ಬಸ್ಸಿಗೆ ಕೊಟ್ರೆ ಬೇಡ ಅನ್ನಲ್ಲಪ್ಪ," ಎಂದರು.

"ನಿಮ್ಮ ಬಸ್ಸು ಪಲ್ಟಿ ಹೊಡೀಬಾರದು ರೀ. ಇದು ಹೊಡೀಬೇಕು."

"ಅದೂ ನಿಜ," ಎಂದು ಅಪ್ಪ ಟೋಪಿ ಹಾಕಿಕೊಂಡು ಹೋದರು.

ಕೊನೆಗೆ ಅಮ್ಮ ಟೇಪು ಕೆಳಗಿಟ್ಟಳು. "ಬಾಲ ಕೊಯ್ದು ಒಳಗೆ ಸೀಸ ತುಂಬಬೇಕು. ಬೇರೆ ದಾರಿ ಇಲ್ಲ."

"ಸೀಸ ತುಂಬಿದ್ರೆ ಇನ್ನೂ ಭಾರ ಆಗಲ್ವಾ?"

"ಆಗುತ್ತೆ."

"ಆಮೇಲೆ?"

"ಆಮೇಲೆ ಇನ್ನೂ ದೊಡ್ಡ ಇಂಜಿನ್ ಬೇಕಾಗುತ್ತೆ." ಅಮ್ಮ ನಕ್ಕಳು. ಅದು ನಗುವಿನ ಹಾಗಿರಲಿಲ್ಲ.

ಬಾಲಕ್ಕೆ ಬಿಸಿಗೆ ಅಂಟುವ ಕೆಂಪು ಹಾಳೆ ಹಾಕಿದ್ದು ಅವರಿಬ್ಬರೇ. ಅಮ್ಮ ಹಾಳೆ ಎಳೆದು ಹಿಡಿಯುತ್ತಿದ್ದಳು, ಆಫೀಸರ್ ಇಸ್ತ್ರಿ ಆಡಿಸುತ್ತಿದ್ದಳು. ಒಂದೇ ಒಂದು ಸುಕ್ಕೂ ಬರದಿರಲೆಂದು ಒಂದು ತಿಂಗಳು ತೆಗೆದುಕೊಂಡಿದ್ದರು. ಈಗ ಅಮ್ಮ ಬ್ಲೇಡು ಕೈಗೆತ್ತಿಕೊಂಡಳು.

"ಆಫೀಸರ್ ಲೆಕ್ಕ ಸರಿ ಇದ್ಮೇಲೆ ನನ್ನ ಕೈಯೇ ಎಲ್ಲೋ ಎಡವಟ್ಟು ಮಾಡಿದೆ," ಎಂದು ಅವಳು ತನ್ನಷ್ಟಕ್ಕೇ ಹೇಳಿಕೊಂಡಳು.

ಆಫೀಸರ್ ಓಡಿಹೋಗಿ ನೋಟ್‌ಬುಕ್ ತಂದು, ಮೊತ್ತ ಬರೆದ ಪುಟ ತೆರೆದು ಬಾಲದ ಮೇಲೆ, ಬ್ಲೇಡಿನ ಅಡಿಗೇ ಇಟ್ಟಳು.

"ಬೇಡಮ್ಮಾ."

ಅಮ್ಮ ಓದಿದಳು. ಇನ್ನೊಮ್ಮೆ ಓದಿದಳು. "ನಾಲ್ಕು," ಎಂದಳು. "ಯಾಕೆ ಹಾಗೆ ಓದಿದೆ?"

"ಟರ್ಬೊ ಅಲ್ಲೇ ಕೂತಿದ್ಲು. ನಾನು ಕ್ಲಾಸಲ್ಲಿ ಐವತ್ತೈದು ಅಂತ ಹೇಳಿಬಿಟ್ಟಿದ್ದೆ."

ಅಂಗಡಿಯಲ್ಲಿ ಅಷ್ಟು ದೊಡ್ಡದಾಗಿದ್ದ ಕಾರಣ ಈಗ ಬಾಯಿಬಿಟ್ಟು ಹೇಳಿದಾಗ ಇಷ್ಟೇ ಇಷ್ಟಾಗಿತ್ತು.

ಅಮ್ಮ ಬ್ಲೇಡನ್ನು ಡಬ್ಬಿಗೆ ಹಾಕಿದಳು. ಬೈಯಲಿಲ್ಲ. ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡು, "ಮಧ್ಯಾಹ್ನದಿಂದ ಇದನ್ನ ಬೈದಿದ್ದೇ ಬೈದಿದ್ದು. ಪಾಪ," ಎಂದಳು.

ಅದಕ್ಕಿಂತ ಎರಡೇಟು ಕೊಟ್ಟಿದ್ದರೆ ವಾಸಿಯಾಗಿತ್ತು. ಆಫೀಸರ್ ಜೋರಾಗಿ ಅಳತೊಡಗಿದಳು.

"ಅಳೋದು ಆಮೇಲೆ ಇಟ್ಕೋ. ಇಂಜಿನ್‌ಗೆ ಇನ್ನೂ ಪೆಟ್ರೋಲ್ ಹಾಕಿಲ್ಲ, ಬದಲಾಯಿಸಿಕೊಡ್ತಾರೆ. ಅಂಗಡಿ ಮುಚ್ಚೋದ್ರೊಳಗೆ ಹೋಗೋಣ, ಏಳು."

ದಾರಿಯಲ್ಲಿ ಆಫೀಸರ್ ನೋಟ್‌ಬುಕ್ಕನ್ನು ಅಮ್ಮನ ಕಡೆ ಚಾಚಿದಳು. "ನೀನೇ ಇಟ್ಕೋಮ್ಮ. ನೀನೇ ಓದು."

"ನನಗ್ಯಾಕೆ? ಇಂಜಿನ್ ಡಬ್ಬಿ ಹೊರೋಕೇ ನನಗೆ ಎರಡೂ ಕೈ ಬೇಕು," ಎಂದಳು ಅಮ್ಮ.

ಟರ್ಬೊ ಇನ್ನೂ ಸ್ಟೂಲಿನ ಮೇಲೆಯೇ ಇದ್ದಳು. ಮನೆಗೆ ಹೋಗಿರಬಾರದಿತ್ತೇ ಎನ್ನಿಸಿತು ಆಫೀಸರ್‌ಗೆ.

"ಚಿಕ್ಕದು ಕೊಡಿ," ಎಂದಳು ಅಮ್ಮ, ಡಬ್ಬಿಯನ್ನು ಕೌಂಟರಿನ ಮೇಲಿಡುತ್ತಾ.

"ಬೆಳಿಗ್ಗೆ ಆರು ಕೇಜಿ ಅಂದ್ರಲ್ಲ ಮೇಡಂ?"

"ಆಫೀಸರ್‌ನ ಕೇಳಿ." ಅಮ್ಮ ಗೋಡೆಗೆ ತೂಗುಹಾಕಿದ್ದ ಪ್ರೊಪೆಲರ್‌ಗಳ ಕಡೆ ಹೋದಳು.

ಆಫೀಸರ್‌ನ ಕಿವಿ ಬಿಸಿಯಾಯಿತು. "ನಾಲ್ಕು ಕೇಜಿ ಇನ್ನೂರು," ಎಂದಳು. "ಬೆಳಿಗ್ಗೆ ನಾನು ಸುಳ್ಳು ಓದಿದ್ದೆ."

"ಹಾಗಾದ್ರೆ ಮೂವತ್ತೇನಾ?" ಎಂದಳು ಟರ್ಬೊ, ಸ್ಟೂಲಿನಿಂದ ಬೀಳುವಷ್ಟು ಮುಂದೆ ಬಾಗಿ.

"ಹೂಂ. ಮೂವತ್ತೇ."

ಅಂಗಡಿಯವರು ಚಿಕ್ಕ ಇಂಜಿನ್ನನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡರು. "ಈ ಸಲ ನೀವೇ ಒಂದ್ಸಲ ಪುಸ್ತಕ ನೋಡ್ಬಿಡಿ ಮೇಡಂ."

ಅಮ್ಮ ಮರದ ಪ್ರೊಪೆಲರ್ ಒಂದನ್ನು ಬೆರಳ ಮೇಲಿಟ್ಟು ಪರೀಕ್ಷಿಸುತ್ತಿದ್ದಳು. ಈ ಕಡೆ ತಿರುಗಲೂ ಇಲ್ಲ.

"ಅವಳು ಓದಿದ್ಲಲ್ಲ," ಎಂದಳು.

ಆಫೀಸರ್ ನೋಟ್‌ಬುಕ್ಕನ್ನು ಕೌಂಟರಿನ ಮೇಲೆ ಹರಡಿದಳು. ಮೊದಲ ಸಾಲಿಗೆ ಬೆರಳಿಟ್ಟು, ಒಂದೊಂದೇ ಭಾಗದ ತೂಕವನ್ನು ಮತ್ತೆ ಮೊದಲಿಂದ ಕೂಡಿಸತೊಡಗಿದಳು. ಕೂಡಿಸು ಎಂದು ಯಾರೂ ಹೇಳಿರಲಿಲ್ಲ.