ಯಾರಿಗೂ ನೋವಾಗದ ಹಾಡು

“ನಿಲ್ಲಸ್ರೀ ಆ ಹಾಡ!”

ಮುಧೋಳದ ಸಭಾಭವನದಲ್ಲಿ ಕುಳಿತಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಮೂರನೆಯ ಸಾಲಿನಲ್ಲಿ ಒಬ್ಬ ಯುವಕ ಎದ್ದು ನಿಂತಿದ್ದ. ಮುಷ್ಟಿ ಬಿಗಿದಿತ್ತು. ಕಣ್ಣು ನೇರ ವೇದಿಕೆಯ ಮೇಲಿದ್ದ ಸಂಧ್ಯಾಳ ಮೇಲೆ!

ಸಂಧ್ಯಾ ಸಾಲಿನ ನಡುವೆಯೇ ಹಾಡು ನಿಲ್ಲಿಸಿದಳು.

“ಕೈ ಮುಗಿತೀನ್ರಿ… ಸಾಕು ಮಾಡ್ರಿ,” ಎಂದವನೇ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದುಬಿಟ್ಟ.

ಸಭೆಯಲ್ಲಿ ಗುಸುಗುಸು. ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಕೂತಿದ್ದ ಅಪ್ಪ ಗೂಳಪ್ಪ ಹಲ್ಲು ಕಚ್ಚಿ ಹೇಳಿದ, “ಕುಡದಾನ ಅಂವ. ನೀ ಹಾಡು.”

ಸಂಧ್ಯಾ ಹಾಡಿದಳು. ಆದರೆ ಅವಳಿಗೆ ಗೊತ್ತಿತ್ತು, ಅವನು ಕುಡಿದಿರಲಿಲ್ಲ. ಆ ಕಣ್ಣಲ್ಲಿದ್ದದ್ದು ಅಮಲಲ್ಲ… ಸಿಟ್ಟೂ ಅಲ್ಲ. ಹಾಗಾದರೆ ಏನು?

ಮೂರು ವರ್ಷದ ಹಿಂದೆ ಬನಹಟ್ಟಿಯ ತಮ್ಮ ಪವರ್‌ಲೂಮ್ ಶೆಡ್ಡಿನ ಹಿಂದೆ ಕೂತು ಅವಳು ಹಾಡಿದ ಹಾಡದು. ಬರೆದವನು ಅಪ್ಪನೇ. ಅವ್ವ ತೀರಿಹೋದ ವರ್ಷ ಮಗ್ಗದ ಮುಂದೆ ನಿಂತು ಸಾಲು ಕಟ್ಟಿದ್ದ.

‘ಹೊಸ್ತಿಲ ದೀಪ ನೀ ಮಗಳ, ಗಾಳಿ ಬಂದ್ರ ಅಳುಕಬ್ಯಾಡ… ಉರದು ಉರದು ಬೆಳಕಾಗು, ಮನಿ ಬಿಟ್ಟು ಹೊರಳಬ್ಯಾಡ…’

ಯಾರೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹರಿಬಿಟ್ಟರು. ಜಮಖಂಡಿ, ಮುಧೋಳ, ಬೀಳಗಿ… ಎಲ್ಲ ಕಡೆ ಅದೇ ಹಾಡು! ಮದುವೆಯಲ್ಲಿ, ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ, ಮಹಿಳಾ ಸಂಘದ ಸಭೆಯಲ್ಲಿ. ಅಜ್ಜಿಯರು ಕಣ್ಣೊರೆಸಿಕೊಂಡರು, ಮಕ್ಕಳು ಚಪ್ಪಾಳೆ ತಟ್ಟಿದರು.

“ಯಾರಿಗೂ ನೋವಾಗದ ಹಾಡು ನಮ್ಮದು,” ಎನ್ನುತ್ತಿದ್ದ ಗೂಳಪ್ಪ ಎದೆಯುಬ್ಬಿಸಿ. “ಹಾಡಾಕಿನೂ ಹಂಗ ಇರಬೇಕು.”

ಅಂದಿನಿಂದ ಸಂಧ್ಯಾಳಿಗೆ ತೆಳುಬಣ್ಣದ ಸೀರೆ, ಬಿಗಿದ ಹೆರಳು, ತಗ್ಗಿಸಿದ ಕಣ್ಣು. ವೇದಿಕೆಯಲ್ಲಿ ನಗುವಂತಿಲ್ಲ. ಬೇರೆ ಹಾಡು ಹಾಡುವಂತಿಲ್ಲ.

“ಅಪ್ಪಾ, ಒಂದು ಪ್ರೀತಿ ಹಾಡು ಹಾಡ್ಲಿ?” ಎಂದು ಒಮ್ಮೆ ಕೇಳಿದ್ದಳು.

“ಹಿರ್ಯಾರು ಮಾರಿ ತಿರುವತಾರ.”

“ಕುಣಿಯೋ ಹಾಡು?”

“ಅದರಾಗ ಸೆರೆ ಕುಡ್ಯೂ ಮಾತೈತಿ.”

“ಹಂಗಾರ ಭಜನಿ?”

“ಯಾವ ಮಠದ ಮ್ಯಾಲ ಹಾಡ್ತಿ? ಒಬ್ಬರದು ಹಾಡಿದ್ರ ಇನ್ನೊಬ್ಬರಿಗೆ ಸಿಟ್ಟು.”

ಕೊನೆಗೆ ಉಳಿದದ್ದು ಅದೊಂದೇ ಹಾಡು. ಇಪ್ಪತ್ನಾಲ್ಕರ ಹುಡುಗಿ ಅದರೊಳಗೇ ಬಾಗಿಲು ಹಾಕಿಕೊಂಡವಳಂತೆ ಬದುಕುತ್ತಿದ್ದಳು.

ಈಗ ಒಬ್ಬ ಬಂದು ಆ ಬಾಗಿಲು ಬಡಿದಿದ್ದ!

ಅವನ ಹೆಸರು ವೀರೇಶ, ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಎಂದು ಸಂಘಟಕರೊಬ್ಬರಿಂದ ತಿಳಿಯಿತು. ಮುಂದಿನ ವಾರ ಸಂಧ್ಯಾ ಬ್ಲೌಸ್ ಹೊಲಿಯಲು ಕೊಡುವ ನೆಪ ಹೇಳಿ ಮುಧೋಳದ ಬಸ್ಸು ಹತ್ತಿದಳು.

ಕೇಂದ್ರದ ಆವರಣದಲ್ಲಿ ಅವನು ಉದ್ದ ಕಾಲಿನ ಮುಧೋಳ ನಾಯಿಯೊಂದನ್ನು ಹಗ್ಗ ಹಿಡಿದು ನಡೆಸುತ್ತಿದ್ದ. ಅವಳನ್ನು ಕಂಡು ಬೆಚ್ಚಿ ನಿಂತ.

“ನೀವು…?”

“ಹೌದ್ರಿ, ನಾನ. ಇಷ್ಟು ವರ್ಷದಾಗ ಯಾರೂ ಬ್ಯಾಡ ಅನ್ನಲಿಲ್ಲ. ನೀವೊಬ್ಬರ ಅಂದ್ರಿ. ಯಾಕ್ರಿ? ನನ್ನ ಹಾಡು ನಿಮಗೇನು ಮಾಡಿತ್ತು?”

ವೀರೇಶ ನಾಯಿಯ ಹಗ್ಗವನ್ನು ಕಂಬಕ್ಕೆ ಕಟ್ಟಿದ. ಆಮೇಲೆ ಮೆಲ್ಲಗೆ ಹೇಳಿದ, “ನನಗಲ್ರಿ… ನಮ್ಮ ಅಕ್ಕಗ. ಬರ್ತೀರೇನು, ಭೆಟ್ಟಿ ಮಾಡಸ್ತೀನಿ?”

ಅವನ ಮನೆ ಹತ್ತಿರದಲ್ಲೇ ಇತ್ತು. ಅಕ್ಕ ಮಂಗಲಾ ಅಂಗಳದಲ್ಲಿ ಸೊಪ್ಪು ಸೋಸುತ್ತಿದ್ದಳು. ಸಂಧ್ಯಾ ಎಡಗಡೆಯಿಂದ ನಮಸ್ಕಾರ ಎಂದಳು. ಮಂಗಲಾ ತಿರುಗಲೇ ಇಲ್ಲ.

“ಆ ಕಿವಿ ಕೇಳೂದಿಲ್ರಿ,” ಎಂದ ವೀರೇಶ. “ಭಾವ ಹೊಡದದ್ದು.”

ಸಂಧ್ಯಾ ಸುತ್ತಿ ಅವಳ ಎದುರಿಗೆ ಬಂದಳು.

ಮಂಗಲಾ ಅವಳನ್ನು ಬಲಗಡೆ ಕೂರಿಸಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ. “ಎರಡು ಸಲ ಚೀಲ ತುಂಬಿ ಇಟ್ಟಿದ್ದೆ ತಂಗಿ, ತವರಿಗೆ ಬರಾಕ. ಎರಡೂ ಸಲ ಅವ್ವ ಫೋನಿನ್ಯಾಗ ನಿನ್ನ ಹಾಡ ಕಳಿಸಿದ್ಲು. ಕೇಳಿ, ಅತ್ತು, ಅರಿವಿ ತಿರುಗಿ ಟ್ರಂಕಿನ್ಯಾಗ ಇಟ್ಟೆ. ಮೂರನೇ ಸಲ… ಈ ಕಿವಿ ಹೋತು.”

“ಅಕ್ಕಾ…”

“ನಿನ್ನ ದನಿ ಭಾಳ ಸಿಹಿ ಐತಿ. ಅದಕ ನಂಬಿದೆ.”

ಅದಕ್ಕಿಂತ ಒಂದು ಬೈಗುಳ ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ! ಸಂಧ್ಯಾ ಅವಳ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು.

“ಇನ್ನ ಆ ಹಾಡ ಹಾಡೂದಿಲ್ಲ ಅಕ್ಕಾ. ಆಣಿ ಮಾಡತೀನಿ.”

ಬಸ್ ನಿಲ್ದಾಣದವರೆಗೆ ವೀರೇಶ ಬಂದ. “ಅವತ್ತು ಎಲ್ಲಾರ ಮುಂದ ಒದರಿದ್ದು ತಪ್ಪಾತ್ರಿ. ನಿಮಗ ಗೊತ್ತಿರಲಿಲ್ಲ.”

“ಗೊತ್ತು ಮಾಡಿಕೊಳ್ಳಬೇಕಿತ್ತು,” ಎಂದಳು ಸಂಧ್ಯಾ. ಮೂರು ವರ್ಷದಲ್ಲಿ ತನ್ನೊಡನೆ ಹಾಡಿನ ಆಚೆಗೆ ಮಾತಾಡಿದ ಮೊದಲ ಮನುಷ್ಯ ಇವನೇ ಎಂದು ಬಸ್ಸು ಹೊರಟ ಮೇಲೆ ಹೊಳೆಯಿತು.

ಆಮೇಲೆ ಫೋನು… ಮೊದಲು ಮಂಗಲಾಳ ಆರೋಗ್ಯ ಕೇಳಲು, ಆಮೇಲೆ ನಾಯಿಮರಿಗಳ ಸುದ್ದಿ ಕೇಳಲು, ಆಮೇಲೆ ಯಾವ ಕಾರಣವೂ ಇಲ್ಲದೆ. ಅವನು ತಮಾಷೆ ಮಾಡಿದರೆ ಅವಳು ಬಾಯಿ ತುಂಬ ನಗುತ್ತಿದ್ದಳು. ತನ್ನ ನಗು ಇಷ್ಟು ಜೋರಾಗಿದೆ ಎಂದು ಅವಳಿಗೇ ಗೊತ್ತಿರಲಿಲ್ಲ!

ಆದರೆ ಅಪ್ಪನಿಗೆ ಹೇಳುವುದು ಹೇಗೆ? ‘ನಿನ್ನ ಹಾಡಿನಿಂದ ಒಬ್ಬಳ ಬದುಕು ಹಾಳಾಯಿತು’ ಎನ್ನುವುದು ಹೇಗೆ? ದಿನ ದೂಡಿದಳು. ಅಷ್ಟರಲ್ಲಿ ಗೂಳಪ್ಪ ಜಮಖಂಡಿಯಲ್ಲಿ ದೊಡ್ಡ ಕಾರ್ಯಕ್ರಮ ಒಪ್ಪಿಕೊಂಡು ಬಂದ. ಮುಧೋಳದ ಸರ್ಕಲ್ಲಿನಲ್ಲೂ ಅವಳ ಫೋಟೋದ ಬ್ಯಾನರು ಎದ್ದಿತು.

ಸಂಜೆ ವೀರೇಶನ ಮೆಸೇಜು ಬಂತು. ‘ಬ್ಯಾನರ್ ನೋಡಿದೆ. ಅಕ್ಕ ಬ್ಯಾರೆ ನೋಡಿದ್ಲು. ನಿಮ್ಮ ಆಣಿ ಬರೇ ನಾಕ ದಿನದ್ದು ಅಂತ ಗೊತ್ತಿರಲಿಲ್ಲ.’

‘ಹಾಗಲ್ಲ’ ಎಂದು ಬರೆಯುತ್ತಿರುವಾಗಲೇ ಅಪ್ಪನ ಕೈ ಫೋನು ಕಸಿದುಕೊಂಡಿತು.

“ಯಾರಿಂವ? ಆ ಮುಧೋಳದಾಗ ಒದರಿದಾಂವ ಏನು?”

“ಅಪ್ಪಾ, ಒಂದು ಮಾತು ಕೇಳ…”

“ಮಾತು ಕಾರ್ಯಕ್ರಮ ಆದ ಮ್ಯಾಲ.” ಫೋನು ಅಪ್ಪನ ಅಂಗಿಯ ಕಿಸೆ ಸೇರಿತು.

ಮುಂದಿನ ನಾಲ್ಕು ದಿನ ಅವಳು ಮನೆಯಿಂದ ಕಾಲು ಹೊರಗಿಡಲಿಲ್ಲ. ಇಡಲು ಬಿಡಲಿಲ್ಲ. ಹೊರಗೆ ಮಗ್ಗಗಳ ಖಟಖಟ, ಒಳಗೆ ಅವಳ ಉಸಿರು. ‘ಅವನ ದೃಷ್ಟಿಯಲ್ಲಿ ನಾನು ಸುಳ್ಳಿ… ಹಾಡಿದರೆ ಮಂಗಲಕ್ಕನಿಗೆ ಮೋಸ, ಹಾಡದಿದ್ದರೆ ಅಪ್ಪನಿಗೆ. ಯಾರಿಗೂ ನೋವಾಗದಂತೆ ಬದುಕೋದು ಹೇಗೆ ದೇವರೇ?’

ಐದನೆಯ ದಿನ ಕಾರ್ಯಕ್ರಮಕ್ಕೆ ಕರೆದೊಯ್ಯುವ ಕಾರು ಬಂತು.

ಜಮಖಂಡಿಯ ಮೈದಾನ ತುಂಬಿತ್ತು. ಅವಳ ಹೆಸರು ಕೂಗಿದಾಗ ಚಪ್ಪಾಳೆ ಮಳೆಯಂತೆ ಸುರಿಯಿತು. ಸಂಧ್ಯಾ ಮೈಕಿನ ಮುಂದೆ ನಿಂತಳು.

‘ಹೊಸ್ತಿಲ ದೀಪ ನೀ ಮಗಳ, ಗಾಳಿ ಬಂದ್ರ…’

ಮುಂದಿನ ಸಾಲಿನಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಹಸಿರು ಬಳೆಯ ಕೈಯಲ್ಲಿ ಫೋನು ಎತ್ತಿ ರೆಕಾರ್ಡ್ ಮಾಡುತ್ತಿದ್ದಳು. ಅವಳನ್ನು ನೋಡಿದ್ದೇ ತಡ, ಸಂಧ್ಯಾ ಹಾಡು ನಿಲ್ಲಿಸಿದಳು.

“ಇದನ್ನ ನಾ ಹಾಡಾಂಗಿಲ್ರಿ.”

ಹಾರ್ಮೋನಿಯಂ ಒಂದು ಕ್ಷಣ ಒಂಟಿಯಾಗಿ ನುಡಿದು ಸುಮ್ಮನಾಯಿತು.

“ಇದರಿಂದ ಯಾರಿಗೂ ನೋವಾಗಿಲ್ಲ ಅಂತ ತಿಳಿದಿದ್ದೆ. ಆಗೇತಿ! ಹೊಡತ ತಿಂದಾಕಿ ಒಬ್ಬಾಕಿ ಈ ಹಾಡ ಕೇಳಿ ಗಂಡನ ಮನಿಯಾಗ ಉಳಕೊಂಡ್ಲು. ಕಿವಿ ಕಳಕೊಂಡ್ಲು. ಅಕ್ಕಗೋಳ್ರಿ… ಬಡದ್ರ ಬಿಟ್ಟು ಬರ್ರಿ. ನನ್ನ ಹಾಡಿನ ಮಾತು ಕೇಳಬ್ಯಾಡ್ರಿ ಅಂತ ನಾನ ಹೇಳಾಕತ್ತೇನಿ.”

ಗದ್ದಲ ಎದ್ದಿತು! “ಮನಿ ಮುರಿಯೂ ಮಾತು!” ಎಂದು ಹಿರಿಯರೊಬ್ಬರು ಕುರ್ಚಿ ತಳ್ಳಿ ಎದ್ದರು. “ಖರೆ ಹೇಳ್ಯಾಳ ಬಿಡ್ರಿ!” ಎಂದು ಹೆಂಗಸರ ಕಡೆಯಿಂದ ಒಂದು ದನಿ. ಸಂಘಟಕರು ಮೈಕು ಆರಿಸಿದರು.

ಮನೆಗೆ ಬಂದ ಮೇಲೆ ಗೂಳಪ್ಪ ಒಂದೇ ಮಾತು ಹೇಳಿದ. “ನಿಮ್ಮವ್ವನ ನೆನಪಿನ್ಯಾಗ ಬರದ ಹಾಡ ಅದು. ಕೊಂದಿ.”

ಸಂಧ್ಯಾ ಬಾಯಿ ತೆರೆಯುವ ಮುಂಚೆಯೇ ಮೂಲೆಯಲ್ಲಿ ಕೂತಿದ್ದ ಅಜ್ಜಿ, ಗೂಳಪ್ಪನ ತಾಯಿ ಸಾವಕ್ಕ ಮಾತಾಡಿದಳು. “ಸೊಸಿ ನನ್ನ ಬಾಯಾಗೂ ಬೈಸಿಕೊಂಡ್ಲು, ನಿನ್ನ ಕೈಯಾಗ ಹೊಡತಾನೂ ತಿಂದ್ಲು. ಒಂದಿನ ಎದುರು ಮಾತಾಡಲಿಲ್ಲ. ಉರದು ಉರದು ಹೋದ್ಲು ಗೂಳಪ್ಪ. ನಾವು ಅದನ್ನ ಬೆಳಕು ಅಂದ್ವಿ.”

ಗೂಳಪ್ಪನ ಮುಖ ಬಿಳಿಚಿಕೊಂಡಿತು. ಅವನು ಕಿಸೆಯಿಂದ ಫೋನು ತೆಗೆದು ಮಗಳ ಮುಂದಿಟ್ಟು ಶೆಡ್ಡಿಗೆ ಹೋದ.

ಸಂಧ್ಯಾ ಫೋನು ಆನ್ ಮಾಡಿದಳು. ವೀರೇಶನಿಂದ ಒಂದು ಮೆಸೇಜೂ ಇರಲಿಲ್ಲ. ಆಗಲೇ ಹರಿದಾಡುತ್ತಿದ್ದ ಜಮಖಂಡಿಯ ವಿಡಿಯೋ ನೋಡಿದವರ ಬೈಗುಳದ ಮೆಸೇಜುಗಳು ಮಾತ್ರ ಸಾಲುಸಾಲು. ತಾನಾಗಿ ಬರೆಯಲು ಬೆರಳು ಏಳಲಿಲ್ಲ. ‘ಅವನ ಮನಸ್ಸಲ್ಲಿ ನಾನು ಮುಗಿದುಹೋದೆ…’

ಮರುದಿನ ಮಧ್ಯಾಹ್ನ ಅವಳು ಶೆಡ್ಡಿನಲ್ಲಿ ಕಡಿದ ಎಳೆ ಕಟ್ಟುತ್ತಿದ್ದಳು. ಎಂಟು ಮಗ್ಗಗಳ ಸದ್ದು ಕಿವಿ ತುಂಬಿತ್ತು. ತಲೆ ಎತ್ತಿದರೆ ಬಾಗಿಲಲ್ಲಿ ವೀರೇಶ!

ಅವನು ನೇರ ಅವಳ ಬಳಿ ಬಂದ. ತುಟಿ ಅಲುಗಿತು. ಏನೂ ಕೇಳಿಸಲಿಲ್ಲ.

“ಏನ್ರೀ?” ಎಂದು ಕೂಗಿದಳು.

“ವಿಡಿಯೋ ನೋಡಿದೆ! ಅಕ್ಕ ಅಳಾಕತ್ತಾಳ! ನಾ ನಿಮ್ಮನ್ನ ತಪ್ಪು ತಿಳಕೊಂಡೆ!”

“ಕೇಳಸಂಗಿಲ್ರೀ!”

ವೀರೇಶ ಎದೆ ತುಂಬ ಉಸಿರೆಳೆದುಕೊಂಡ. ಅದೇ ಗಳಿಗೆಗೆ ಕರೆಂಟು ಹೋಯಿತು. ಎಂಟೂ ಮಗ್ಗಗಳು ಒಟ್ಟಿಗೇ ನಿಂತವು.

“ನಿಮ್ಮನ್ನ ಬಿಟ್ಟು ನನಗ ಇರಾಕ ಆಗೂದಿಲ್ಲ ಸಂಧ್ಯಾ!”

ಶೆಡ್ಡಿನ ತಗಡು ಗುಂಯ್ ಎಂದಿತು. ಕೆಲಸದವರು ಬಾಯಿ ಬಿಟ್ಟು ನಿಂತರು. ಪಕ್ಕದ ಮಗ್ಗದ ಹಿಂದಿನಿಂದ ಗೂಳಪ್ಪ ನಿಧಾನಕ್ಕೆ ಎದ್ದ. ಸಂಧ್ಯಾ ಕೈಯಲ್ಲಿದ್ದ ಎಳೆ ಬಿಟ್ಟಳು.

ಅವನು ವೀರೇಶನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. “ಆ ಕಿವಿ ಕಳಕೊಂಡಾರು… ನಿಮ್ಮ ಅಕ್ಕಾರ ಏನು? ಈಗ ಹೆಂಗ ಅದಾರು?”

“ಅದಾಳ್ರಿ. ಒಂದು ಕಿವಿಲೆ ಕೇಳತೈತಿ.”

ಗೂಳಪ್ಪ ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡ. “ಒಂದಿನ ಬರ್ತೀನಂತ ಹೇಳ್ರಿ… ಕ್ಷಮಾ ಕೇಳಾಕ.” ಬಾಗಿಲ ಕಡೆ ನಡೆದವನು ತಿರುಗಿ ನೋಡದೆ ಹೇಳಿದ, “ಚಾ ಮಾಡಸ್ತೀನಿ. ಕುಡಿದು ಹೋಗ್ರಿ.”

ಕೆಲಸದವರು ಒಬ್ಬೊಬ್ಬರಾಗಿ ನಗುತ್ತ ಹೊರಗೆ ಸರಿದರು.

ವೀರೇಶ ನಾಚಿ ತಲೆ ತಗ್ಗಿಸಿದ್ದ. “ಇಷ್ಟು ಜೋರಾಗಿ ಅನ್ನಬಾರದಿತ್ತೇನೋ… ಇಡೀ ಓಣಿಗೆ ಕೇಳಿರಬೇಕು. ಯಾರ‍್ಯಾರಿಗೆ ಸಿಟ್ಟು ಬಂತೋ.”

“ಬರಲಿ ಬಿಡ್ರಿ,” ಎಂದಳು ಸಂಧ್ಯಾ. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು. “ಇನ್ನೊಮ್ಮೆ ಹೇಳ್ರಿ.”

“ಮೆಲ್ಲಕ?”

“ಅಲ್ಲ… ಜೋರಾಗೇ!”