ತೋಳದ ಹೊಂಡದ ಡಬ್ಬಿ

ಹೊಂಡದ ದಂಡೆಯಲ್ಲಿ ಎರಡು ತೋಳ ಸತ್ತು ಬಿದ್ದಿದ್ದವು. ಬಾಯಲ್ಲಿ ನೊರೆ. ಆಚೆ ಕುರಿಗಾಹಿ ಅಪ್ಪಣ್ಣನ ನಾಯಿ—ಕಾಲು ಸೆಟೆದುಕೊಂಡು. ಕುಲಗೋಡದ ಹೊರಗಿನ ಆ ಕುರುಚಲು ಕಾಡಿನಲ್ಲಿ ಅಂದು ಹಕ್ಕಿಯೂ ಉಲಿಯಲಿಲ್ಲ.

ರಾಜೇಶ್ವರಿ ತನ್ನ ಕ್ಯಾಮೆರಾ ಡಬ್ಬಿಯತ್ತ ಓಡಿದಳು. ತೋಳಗಳ ಅಧ್ಯಯನಕ್ಕೆ ಅವಳೇ ಮಾಡಿದ್ದು. ಪೇಟೆಯ ಡಬ್ಬಿ ಕೈಗೆಟುಕದೆ, ದಪ್ಪ ಪಿವಿಸಿ ಪೈಪು ಕತ್ತರಿಸಿ, ಮುಚ್ಚಳಕ್ಕೆ ಕುಕ್ಕರಿನ ರಬ್ಬರು ಕೂರಿಸಿ ಬೋಲ್ಟು ಬಿಗಿದಿದ್ದಳು. ಮಳೆಗಾಲ ಕಳೆದರೂ ಹನಿ ನೀರು ಒಳಗಿಳಿದಿರಲಿಲ್ಲ. ಒಳಗಿನ ಸೆನ್ಸರಿನೆದುರು ಬಿಸಿಮೈಯ ಜೀವ ಸುಳಿದರೆ ಕ್ಯಾಮೆರಾ ತಾನೇ ಫೋಟೊ ತೆಗೆಯುತ್ತಿತ್ತು. ಈಗ ಮುಚ್ಚಳ ಚೂರುಚೂರು. ಒಳಗಿನ ಫಿಲ್ಮ್ ರೋಲು ಇಲ್ಲ!

ಗೋಕಾಕದಿಂದ ಅರಣ್ಯಾಧಿಕಾರಿ ಮುರಿಗೆಪ್ಪ ಬಂದರು.

"ಕಲ್ಲಿಲೆ ಒಡದಾರ್ರಿ ಸಾಹೇಬ್ರ," ಎಂದ ರಾಜೇಶ್ವರಿಯ ಸಹಾಯಕ ಕೇದಾರಿ. "ಅಪ್ಪಣ್ಣಂದ ಕೆಲಸ. ತೋಳ ಇವನ ಕುರಿ ಹಿಡದಿದ್ವು."

"ನನ್ನ ನಾಯಿಗೆ ನಾನ ವಿಷಾ ಹಾಕ್ಲೇನೋ?" ಅಪ್ಪಣ್ಣ ನಾಯಿಯತ್ತ ಕೈ ತೋರಿದ. "ಇದ ಹೊಂಡದಾಗ ನಮ್ಮ ಹುಡುಗೂರು ನೀರ ಕುಡೀತಾವು!"

ಮುರಿಗೆಪ್ಪ ಹುಲ್ಲಿನಲ್ಲಿ ಬಿದ್ದಿದ್ದ ಮುಚ್ಚಳದ ಬೋಲ್ಟನ್ನು ಎತ್ತಿ ನೋಡಿದರು. ಅದರ ಸುತ್ತುಗಳ ಮೇಲೆ ಉಗುರು ಆಡಿಸಿದರು. ಆಮೇಲೆ ರಾಜೇಶ್ವರಿಯ ಜೀಪಿನಿಂದ ಅವಳೇ ಮಾಡಿದ್ದ ಅಂಥದೇ ಇನ್ನೊಂದು ಡಬ್ಬಿ ತರಿಸಿ, ಅಪ್ಪಣ್ಣನ ಕೈಗೆ ಬೋಲ್ಟು ಬಿಚ್ಚುವ ಪಾನಾ ಕೊಟ್ಟರು. "ಬಿಚ್ಚು."

ಅಪ್ಪಣ್ಣ ಎಡಕ್ಕೆ ತಿರುವಿದ. ಬೋಲ್ಟು ಇನ್ನೂ ಬಿಗಿಯಾಯಿತು. ತಿಣುಕಿದ. ಪಾನಾ ಜಾರಿ ಬೋಲ್ಟಿನ ತಲೆ ಕೆರೆಯಿತು. "ಬರವಲ್ದ್ರಿ."

"ಕೇದಾರಿ, ನೀ ನೋಡು."

ಕೇದಾರಿಯೂ ಎಡಕ್ಕೇ ತಿರುವಿದ. "ತುಕ್ಕ ಹಿಡದೈತ್ರಿ."

ರಾಜೇಶ್ವರಿ ಬೆಚ್ಚಿ ಕೇದಾರಿಯತ್ತ ತಿರುಗಿದಳು. ರೋಲು ಬದಲಿಸುತ್ತಿದ್ದವನು ಅವನೇ ಅಲ್ಲವೇ?

"ಯಾಕ್ರಿ ಮೇಡಂ, ಬೆಚ್ಚಿದ್ರಿ?" ಮುರಿಗೆಪ್ಪ ಕೇಳಿದರು.

"ಅದು... ಸೈಕಲ್ಲಿನ ಎಡ ಪೆಡಲಿನ ಬೋಲ್ಟ್ರಿ. ಉಲ್ಟಾ. ಬಲಕ್ಕ ತಿರುವಿದ್ರ ಬಿಚ್ಚತೈತಿ. ಕಳ್ಳರಿಗೆ ತಿಳೀಬಾರದಂತ ಹಾಕಿದ್ದು. ನನಗ, ಕೇದಾರಿಗೆ ಬಿಟ್ರ ಯಾರಿಗೂ ಗೊತ್ತಿಲ್ಲ."

"ಹೌದಲ್ಲ?" ಮುರಿಗೆಪ್ಪ ಅಂಗೈ ಚಾಚಿದರು. "ಒಡೆದ ಡಬ್ಬಿ ಬೋಲ್ಟ್ ನೋಡ್ರಿ. ತಲಿ ಮ್ಯಾಲ ಒಂದ ಗೀರಿಲ್ಲ. ಮೊದಲ ಸರಾಗ ಬಿಚ್ಚಿ ರೋಲ್ ತಗದಾರ. ಕಲ್ಲ ಬಿದ್ದದ್ದು ಆಮ್ಯಾಲ—ಕುರಿಯವರ ಮ್ಯಾಲ ಬರಲಿ ಅಂತ. ಇದರ ಸುತ್ತು ಉಲ್ಟಾ ಇದ್ದದ್ದು ಕಂಡ್ತು, ಅದಕ್ಕ ಪರೀಕ್ಷಾ ಮಾಡಿದೆ. ಗೊತ್ತಿಲ್ಲದ ಅಪ್ಪಣ್ಣ ತಪ್ಪಿದ, ಖರೆ. ಗೊತ್ತಿದ್ದ ನೀ ಯಾಕ ತಪ್ಪಿದಿ, ಕೇದಾರಿ? ರೋಲಿನಾಗ ನಿನ್ನ ಮಾರಿ ಇತ್ತೇನು?"

ಕೇದಾರಿ ಪಾನಾ ಕೆಳಗಿಟ್ಟ.

"ತೋಳ ಇದ್ರ ತನ್ನ ಕಲ್ಲಿನ ಖಣಿಗೆ ಪರವಾನಗಿ ಸಿಗಂಗಿಲ್ಲಂತ... ನಮ್ಮ ಮಾವ ಅಂದಿದ್ದ್ರಿ. ಅದಕ್ಕ ಹೊಂಡಕ್ಕ ವಿಷಾ ಹಾಕಿದೆ."

"ಹುಡುಗೂರು ಇಲ್ಲೇ ನೀರ ಕುಡೀತಾವ ಅನ್ನೂದು ಗೊತ್ತಿತ್ತಿಲ್ಲೋ ನಿನಗ?" ರಾಜೇಶ್ವರಿ ಚೀರಿದಳು.

ಅಷ್ಟರಲ್ಲಿ ಗುಡ್ಡದ ಇಳಿಜಾರಿನಲ್ಲಿ ಕುರಿಗಳ ಗಂಟೆ, ಹುಡುಗರ ನಗು ಕೇಳಿಸಿತು.

ಅಪ್ಪಣ್ಣ ರುಮಾಲು ಬೀಸುತ್ತ ಅತ್ತ ಓಡಿದ—"ಬರಬ್ಯಾಡ್ರೋ! ಅಲ್ಲೇ ನಿಂದರ್ರೋ!"