ತೊಳೆದ ಕೈ

ಕೈಮಗ್ಗ ಸಂಘದ ಯಜಮಾನನ ಕುರ್ಚಿ ಕೈತಪ್ಪಿದ ದಿನ ಮಗ್ಗದಣ್ಣ ಯಾರ ಮೇಲೂ ರೇಗಲಿಲ್ಲ. ಗೆದ್ದವನ ಬಳಿಗೆ ತಾನೇ ಎದ್ದು ಹೋದ. ಗೆದ್ದವನು ಕೆಳಗಿನ ಬೀದಿಯ ಬಣ್ಣದ ಯಜಮಾನ, ಚಿಕ್ಕಂದಿನಲ್ಲಿ ಜೊತೆಗೆ ಗೋಲಿಯಾಡಿದವನು. ಮೊಣಕೈವರೆಗೆ ನೀಲಿಗಟ್ಟಿದ ಕೈಯನ್ನು ಚಾಚಿ ಅವನು ನಕ್ಕ.

"ಮುಖ ಯಾಕಣ್ಣ ಹಾಗಿಟ್ಕೊಂಡಿದ್ದೀಯ? ನೀನು ನೇಯಿ, ನಾನು ಬಣ್ಣ ಹಾಕ್ತೀನಿ. ಕುರ್ಚಿಗೇನು ಗೊತ್ತು ಯಾರ ಕುಂಡೆ ಅಂತ."

ಎಲ್ಲರೂ ನಕ್ಕರು, ಮಗ್ಗದಣ್ಣನೂ ನಕ್ಕ. ಮನೆ ಮುಟ್ಟುವಷ್ಟರಲ್ಲಿ ಆ ನಗು ಹೊಟ್ಟೆಯೊಳಗೆ ಕೆಂಡವಾಗಿತ್ತು. ತಲೆತಲಾಂತರದಿಂದ ಸಂಘ ಮೇಲಿನ ಬೀದಿಯ ನೇಕಾರರದು. ಬಣ್ಣದವರು ಹಿತ್ತಿಲ ಬಾಗಿಲಲ್ಲಿ ನಿಂತು ನೂಲು ಇಸಿದುಕೊಂಡು, ಬಣ್ಣ ಹಾಕಿ, ಒಣಗಿಸಿ ತಂದಿಡುತ್ತಿದ್ದವರು. ಅವರ ಬಣ್ಣದ ಮನೆಗೆ ನೇಕಾರರು ಯಾರೂ ಕಾಲಿಡುತ್ತಿರಲಿಲ್ಲ. ನಾತ, ಅನ್ನುತ್ತಿದ್ದರು.

ಜಗಳವನ್ನು ಯಾರೂ ಹುಟ್ಟಿಸಬೇಕಾಗಿಲ್ಲ, ಅದು ಬೂದಿ ಹೊದ್ದು ಮಲಗಿರುತ್ತದೆ ಎಂಬುದನ್ನು ಮಗ್ಗದಣ್ಣ ಬಲ್ಲ. ಎರಡು ಬೀದಿಗೆ ತಿರುವಿನಲ್ಲಿ ಒಂದೇ ನಲ್ಲಿ. ಯಾರು ಯಾರ ಕೊಡವನ್ನು ಹಿಂದೆ ತಳ್ಳಿದರೆಂಬುದನ್ನು ಹೆಂಗಸರು ಸಾಯುವವರೆಗೂ ಮರೆಯುವುದಿಲ್ಲ. ಗಿರಣಿಯ ಬಟ್ಟೆ ಬಂದ ಮೇಲೆ ಎರಡೂ ಕಡೆಯ ಹುಡುಗರಿಗೆ ಕೆಲಸವಿಲ್ಲ; ಮೋರಿಕಟ್ಟೆಯ ಆಚೆ ಬದಿ ಅವರು, ಈಚೆ ಬದಿ ಇವರು. ಸರ್ಕಾರದ ನೆರವನ್ನು ಕೂಗಿದವರಿಗೆ ಕೊಟ್ಟು ಸುಮ್ಮನಿದ್ದವರನ್ನು ಮರೆಯುವುದು ಕಚೇರಿಯವರ ಚಾಳಿ. ಹಾಗಾಗಿ ತಮ್ಮ ಪಾಲನ್ನು ಎದುರಿನವರೇ ತಿಂದರೆಂದು ಎರಡು ಬೀದಿಯೂ ನಂಬಿತ್ತು. ಸೌದೆ ಒಣಗಿದೆ. ಕಡ್ಡಿ ಗೀರುವವನೊಬ್ಬ ಬೇಕು, ಅಷ್ಟೆ.

ಹಿಂದೊಮ್ಮೆ ಹೀಗೇ ಹತ್ತಿಕೊಂಡಿತ್ತು. ಆಗ ಅವನಿನ್ನೂ ಮಗು. ಎರಡು ಬೀದಿಯಲ್ಲೂ ಹೆಣ ಬಿದ್ದಿದ್ದವು; ಆಮೇಲೆ ಅವನ ಅಪ್ಪ ಸಂಘದ ಯಜಮಾನನಾಗಿ ಸಾಯುವವರೆಗೂ ಇದ್ದ. ಆ ಬೆಂಕಿಯಲ್ಲಿ ಸುಟ್ಟು ಕರಕಾದ ತೊಲೆ ಇಂದಿಗೂ ಅವನ ಮನೆಯ ಪಡಸಾಲೆಯ ಮೇಲಿತ್ತು. ಒಲೆ ಹಚ್ಚದ ಹೊತ್ತಿನಲ್ಲೂ ಅದು ಹೊಗೆಯ ವಾಸನೆ ಬಿಡುತ್ತಿತ್ತು. ಮಲಗಿದವನು ಕಣ್ಣು ಬಿಟ್ಟರೆ, ತೊಲೆಯೂ ತನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು.

ಉಪಾಯ ಸರಳವಾಗಿತ್ತು. ಮೇಲಿನ ಬೀದಿಯ ನೂಲಿನ ಉಗ್ರಾಣ ಸುಡಬೇಕು. ಅದರಲ್ಲಿ ಅವನ ನೂಲೂ ಇತ್ತು. ತನ್ನದನ್ನು ತಾನೇ ಸುಡುವವನುಂಟೆ? ಬಾಗಿಲ ಪಕ್ಕದ ಸುಣ್ಣದ ಗೋಡೆಯ ಮೇಲೆ ಒಂದು ನೀಲಿ ಕೈ ಮೂಡಿರಬೇಕು. ಬಾಯಿ ಬಿಟ್ಟು ಯಾರ ಹೆಸರನ್ನೂ ಹೇಳಬೇಕಾಗಿಲ್ಲ. ಗೋಡೆಯೇ ಹೇಳುತ್ತದೆ.

ಬೆಳಕು ಹರಿಯುವ ಮೊದಲು ಶಾಲು ಹೊದ್ದು ಹೊರಟ. ಬಣ್ಣದ ಮನೆಯ ಹಿಂಬಾಗಿಲಿಗೆ ಬರೀ ಚಿಲಕ. ಹುಟ್ಟಿದಂದಿನಿಂದ ಅವನು ಆ ಹೊಸಿಲು ದಾಟಿದ್ದು ಅದೇ ಮೊದಲು. ಹುಳಿತ ನಾತ ಮೂಗಿಗೆ ಬಡಿಯಿತು. ನೆಲದಲ್ಲಿ ಹೂತ ತೊಟ್ಟಿಗಳ ಮೇಲೆ ನೀಲಿ ನೊರೆ ಕಟ್ಟಿತ್ತು. ಬಲಗೈಗೆ ರಬ್ಬರ್ ಗ್ಲೌಸ್ ತೊಟ್ಟು ನೊರೆಯೊಳಕ್ಕೆ ಅದ್ದಿದ. ಕೈ ಅಂದುಕೊಂಡದ್ದಕ್ಕಿಂತ ಆಳಕ್ಕೆ ಇಳಿದು, ಗ್ಲೌಸಿನ ಬಾಯಿಂದ ತಣ್ಣನೆಯದೇನೋ ಒಳಗೆ ಹರಿಯಿತು. ತೊಟ್ಟಿಯ ಗುಳುಗುಳು ಸದ್ದು ಯಾರೋ ತನ್ನನ್ನು ಕರೆದಂತೆ ಕೇಳಿಸಿತು; ಅವನು ತಿರುಗಿ ನೋಡದೆ ನಡೆದ.

ಉಗ್ರಾಣದ ಗೋಡೆಯ ಮೇಲೆ ಐದು ಬೆರಳೂ ಸೊಗಸಾಗಿ ಮೂಡಿದವು. ಸೀಮೆಎಣ್ಣೆಯ ಬಟ್ಟೆಗೆ ಕಡ್ಡಿ ತಗುಲಿಸಿ ಕಿಟಕಿಯಿಂದ ಎಸೆದ; ಹಿಂದೆಯೇ ಗ್ಲೌಸನ್ನೂ. ಬೆಂಕಿಯ ಬೆಳಕಿಗೆ ಕೈ ಹಿಡಿದು ನೋಡಿದ. ನೀಲಿಯ ಸುಳಿವೇ ಇಲ್ಲ, ಗಂಜಿ ಮೆತ್ತಿದಂತೆ ಹಳದಿ ಪಸೆ. ಕೊಳೆನೀರು, ಅಂದುಕೊಂಡ.

ಹಿತ್ತಿಲ ಕತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ಒಳಗಿಂದ ಅಮ್ಮನ ದನಿ ಬಂತು. ಕಣ್ಣು ಹೋದ ಮೇಲೆ ಅವಳ ಕಿವಿ ಚುರುಕಾಗಿತ್ತು.

"ಇಷ್ಟು ಹೊತ್ತಿಗೇ ಕೈ ತೊಳೀತಿದ್ದೀಯಲ್ಲಪ್ಪ?"

"ನಿದ್ದೆ ಬರಲಿಲ್ಲಮ್ಮ."

ಅಮ್ಮ ಮಗ್ಗುಲು ಬದಲಿಸಿದ ಸದ್ದಾಯಿತು. "ಆವತ್ತು ಬೆಂಕಿ ಬಿದ್ದ ದಿನ ನಿಮ್ಮಪ್ಪನೂ ಅಲ್ಲೇ ನಿಂತು ತೊಳ್ಕೊಂಡರು. ಎಷ್ಟು ತೊಳೆದರು ಅಂತೀಯ... ಬೆಂಕಿ ಬಿತ್ತು ಅಂತ ಜನ ಕೂಗಿದ್ದು ಆಮೇಲೆ."

ಅವನ ಕೈಯಿಂದ ತಂಬಿಗೆ ಜಾರಿತು. ಅದೇ ಗಳಿಗೆಗೆ ಬೀದಿಯಲ್ಲಿ ಕೂಗೆದ್ದಿತು: "ಉಗ್ರಾಣ! ಬೆಂಕಿ!" ಅಮ್ಮ ಹಾಸಿಗೆಯ ಮೇಲೆ ಎದ್ದು ಕೂತು ದೇವರ ಹೆಸರು ಹೇಳತೊಡಗಿದಳು. ಒದ್ದೆ ಕೈಯನ್ನು ಶಾಲಿನೊಳಗೆ ತೂರಿಸಿ ಅವನು ಓಡಿದ.

ಎಲ್ಲವೂ ಅವನೆಣಿಸಿದಂತೆಯೇ ನಡೆಯಿತು. ಹೊತ್ತೇರುವಷ್ಟರಲ್ಲಿ ಉಗ್ರಾಣ ಬೂದಿಯಾಗಿತ್ತು, ಗೋಡೆಯ ಕೈ ಎಲ್ಲರ ಕಣ್ಣಿಗೂ ಬಿದ್ದಿತ್ತು. ಮೋರಿಕಟ್ಟೆಯ ಈಚೆ ಬದಿಯ ಹುಡುಗರು ದೊಣ್ಣೆ ಹಿಡಿದಿದ್ದರು. ಇಳಿಜಾರಿನಲ್ಲಿ ಕೆಳಗಿನ ಬೀದಿಯವರೂ ಬಂದು ನಿಂತಿದ್ದರು. ಅವರ ಕೈಯೂ ಬರಿದಾಗಿರಲಿಲ್ಲ.

"ನಮ್ಮವರು ಈ ಕೆಲಸ ಮಾಡಿಲ್ಲ ಕಣಣ್ಣ," ಎಂದ ಬಣ್ಣದ ಯಜಮಾನ. "ನೀನೊಂದು ಮಾತು ಹೇಳು. ಇವರು ನಿನ್ನ ಮಾತು ಕೇಳ್ತಾರೆ."

"ಹೇಳ್ತೀನಿ," ಎಂದು ಮಗ್ಗದಣ್ಣ ಕಟ್ಟೆ ಹತ್ತಿದ. ನೂಲಿಗೆ ಕಲೆ ತಾಗಬಾರದೆಂದು ನೇಕಾರರು ಮಗ್ಗಕ್ಕೆ ಕೂರುವ ಮುನ್ನ ಕೈ ತೊಳೆದು ಒಬ್ಬರಿಗೊಬ್ಬರು ಅಂಗೈ ತೋರಿಸುತ್ತಾರೆ. ಆ ಅಂಗೈಯೇ ಇವತ್ತಿನ ಮಾತಿಗೂ ಸಾಕೆಂದು ಅವನು ಮೊದಲೇ ಯೋಚಿಸಿಟ್ಟಿದ್ದ; ಮಸಿ ತಾಗದಿರಲೆಂದೇ ತೊಳೆದ ಕೈಯನ್ನು ಅಷ್ಟು ಹೊತ್ತೂ ಶಾಲಿನಿಂದ ಹೊರಗೆ ತೆಗೆದಿರಲಿಲ್ಲ.

"ಗೋಡೆ ಮೇಲಿರೋ ಕೈ ನೋಡಿದಿರಿ. ಈಗ ನೇಕಾರನ ಕೈ ನೋಡಿ," ಎಂದು ಶಾಲಿನಿಂದ ಬಲಗೈ ತೆಗೆದು ಎತ್ತಿ ಹಿಡಿದ. ಗದ್ದಲ ನಿಂತಿತು. ದೊಣ್ಣೆಗಳು ಒಂದೊಂದಾಗಿ ಕೆಳಗಿಳಿದವು. ಯಾರೂ ಗೋಡೆಯ ಕಡೆ ನೋಡುತ್ತಿರಲಿಲ್ಲ. ಬಣ್ಣದ ಯಜಮಾನ ಹತ್ತಿರ ಬಂದು, ಚಿಕ್ಕಂದಿನಲ್ಲಿ ಗೋಲಿ ಕದ್ದಾಗ ಹಿಡಿಯುತ್ತಿದ್ದ ಹಾಗೆ ಅವನ ಮಣಿಕಟ್ಟು ಹಿಡಿದ. "ನೀನು ಒಂದು ದಿನವೂ ನಮ್ಮ ಬಣ್ಣದ ಮನೆಯೊಳಕ್ಕೆ ಬಂದು ಕೂತವನಲ್ಲ ಕಣಣ್ಣ," ಎಂದ ಮೆಲ್ಲಗೆ. "ಬಂದಿದ್ದರೆ ನಮ್ಮ ಮಕ್ಕಳೇ ಹೇಳ್ತಿದ್ದರು. ಮೇಲಿನ ನೊರೆ ಮಾತ್ರ ನೀಲಿ. ಒಳಗಿನ ನೀರು ಹಳದಿ. ಗಾಳಿ ತಾಗಿದ ಮೇಲೇ ಅದು ನೀಲಿಗೆ ತಿರುಗೋದು." ಮಗ್ಗದಣ್ಣ ತಲೆಯೆತ್ತಿ ನೋಡಿದ. ತೊಳೆದ ಕೈ ಉಗುರಿನಿಂದ ಮಣಿಕಟ್ಟಿನವರೆಗೆ ಕಡುನೀಲಿಯಾಗಿತ್ತು.